ಗೋಳಗುಮ್ಮಟದ ಆಚೆಗಿನ ಜಿಲ್ಲೆ

ವಿಜಯಪುರ ಎಂದಕೂಡಲೇ ಎಲ್ಲರಿಗೂ ನೆನಪಾಗುವುದು ಗೋಳಗುಮ್ಮಟ. ಬಂದವರು ಅದನ್ನೂ ಇಬ್ರಾಹಿಂ ರೋಜಾವನ್ನೂ ನೋಡಿಕೊಂಡು ಊರ ದಾರಿ ಹಿಡಿಯುತ್ತಾರೆ. ಕಂದಾಯ ಇಲಾಖೆಯ ನೌಕರಿಯಲ್ಲಿ ಉತಾರ, ನಕಾಶೆಗಳ ನಡುವೆಯೇ ಆಯುಷ್ಯ ಕಳೆದ ನನಗೆ ಜಿಲ್ಲೆಯ ಜೀವ ಇರುವುದು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಲ್ಲಿ. ಇಲ್ಲಿಯ ಚರಿತ್ರೆ ನನಗೆ ತಿಳಿದದ್ದು ಭೂಮಿಯಿಂದ. ಹೊಲ ಯಾರು ಕೊಟ್ಟರು, ಯಾರು ಕಳಕೊಂಡರು ಎಂದು ಕೇಳುತ್ತ ಹೋದರೆ ಸಾವಿರ ವರ್ಷ ಹಿಂದಕ್ಕೆ ಹೋಗಬಹುದು.

ಇಂಡಿ ಸಮೀಪದ ಸಾಲೋಟಗಿಯ ಕ್ರಿ.ಶ. 945ರ ಶಾಸನವನ್ನೇ ನೋಡಿ. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ದೊಡ್ಡ ವಿದ್ಯಾಶಾಲೆ ಕಟ್ಟಿಸಿದ. ನಾನಾ ನಾಡುಗಳಿಂದ ಬಂದ ವಿದ್ಯಾರ್ಥಿಗಳು ಉಳಿಯಲು 27 ವಸತಿಗಳಿದ್ದವು. ಗುರುವಿಗೆ 50 ನಿವರ್ತನ (ಆ ಕಾಲದ ಭೂ ಅಳತೆ) ಭೂಮಿ, ದೀಪದ ಎಣ್ಣೆಗೆಂದೇ 12 ನಿವರ್ತನ. ಊರಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ. ಖರ್ಚಿನ ಬಾಬತ್ತು ಒಂದೊಂದಕ್ಕೂ ಆದಾಯದ ಮೂಲವನ್ನು ಹೀಗೆ ಗೊತ್ತುಮಾಡಿಟ್ಟ ದಾಖಲೆ ಇಂದಿನ ಯಾವ ಕಚೇರಿಗೂ ಪಾಠವಾಗಬಲ್ಲದು.

ಬಸವನ ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. ಸಿಂದಗಿ ಸೀಮೆಯ ದೇವರ ಹಿಪ್ಪರಗಿ ಮಡಿವಾಳ ಮಾಚಿದೇವರ ಊರು. ಹಳೆಯ ಮುದ್ದೇಬಿಹಾಳ ತಾಲ್ಲೂಕಿನ ತಾಳಿಕೋಟೆ 1565ರ ಯುದ್ಧಕ್ಕೆ ಹೆಸರು ಕೊಟ್ಟಿತು. ಆ ಯುದ್ಧದಲ್ಲಿ ವಿಜಯನಗರ ಸೋತಿತು. ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಕೂಡಿಹಾಕಿ ಕನ್ನಡಕ್ಕೆ ಉಳಿಸಿಕೊಟ್ಟರು.

ಆಡಳಿತದ ಗಡಿಗಳು ಮಾತ್ರ ಬದಲಾಗುತ್ತಲೇ ಬಂದಿವೆ. 1686ರಲ್ಲಿ ಔರಂಗಜೇಬ ಆದಿಲಶಾಹಿಯನ್ನು ಮುಗಿಸಿದ. ಬ್ರಿಟಿಷರ ಕಾಲದಲ್ಲಿ ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ 1885ರಲ್ಲಿ ಬಿಜಾಪುರಕ್ಕೆ ಬಂತು. ಮುಂಬಯಿ ಪ್ರಾಂತದಲ್ಲಿದ್ದ ಜಿಲ್ಲೆ 1956ರಲ್ಲಿ ಮೈಸೂರು ರಾಜ್ಯ ಸೇರಿತು. 1997ರಲ್ಲಿ ಬಾಗಲಕೋಟೆ ಬೇರೆಯಾಯಿತು. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು.

ನಮ್ಮ ಕಾಲದ ದೊಡ್ಡ ಪಲ್ಲಟ ಆಲಮಟ್ಟಿಯದು. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಇಟ್ಟ ಈ ಅಣೆಕಟ್ಟು 26 ಗೇಟುಗಳನ್ನು ಹೊತ್ತು ನಿಂತಿದೆ. 519.60 ಮೀಟರ್ ಮಟ್ಟದಲ್ಲಿ ಸುಮಾರು 123 ಟಿಎಂಸಿ ನೀರು ಹಿಡಿಯುತ್ತದೆ. ಮುಳುಗಡೆಯ ನೋಟಿಸಿನಲ್ಲಿ ಸರ್ವೆ ನಂಬರು, ಎಕರೆ, ಗುಂಟೆ ಇರುತ್ತವೆ. ಬಾವಿಗೆ ಒಂದು ಬೆಲೆ, ಗಿಡಕ್ಕೆ ಒಂದು ಬೆಲೆ. ಹೊಲದ ಬದುವಿನಲ್ಲಿದ್ದ ಹಿರಿಯರ ಸಮಾಧಿಗೆ ಬೆಲೆ ಕಟ್ಟುವ ಕಾಲಂ ಯಾವ ನಮೂನೆಯಲ್ಲಿ ಇದ್ದೀತು? ಕಾಲುವೆ ನೀರು ಒಣ ಎರೆಹೊಲಕ್ಕೆ ಹರಿದಾಗ ಸಂತೋಷಪಟ್ಟವನು ನಾನು. ಆ ನೀರಿಗಾಗಿ ಊರು ಬಿಟ್ಟವರ ಋಣ ಇನ್ನೂ ತೀರಿಲ್ಲ ಎಂಬುದೂ ನನಗೆ ಗೊತ್ತು. ಕೃಷ್ಣಾ ಜಲವಿವಾದ ನ್ಯಾಯಮಂಡಳಿ ಒಪ್ಪಿದಂತೆ ಮಟ್ಟವನ್ನು 524.256 ಮೀಟರಿಗೆ ಏರಿಸುವುದಾದರೆ ಪುನರ್ವಸತಿಯೇ ಮೊದಲ ಕೆಲಸವಾಗಬೇಕು.

ಇದೀಗ ಐದು ತಾಲ್ಲೂಕುಗಳ ಜಿಲ್ಲೆ ಹದಿಮೂರರದ್ದಾಗಿದೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ, ವಿಜಯಪುರದಿಂದ ಬಬಲೇಶ್ವರ ಮತ್ತು ತಿಕೋಟಾ ಹುಟ್ಟಿದವು. ವಿಯೆಟ್ನಾಂ 2025ರ ಜುಲೈ 1ರಿಂದ ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದೆ. ಅಲ್ಲಿ 63 ಪ್ರಾಂತಗಳನ್ನು 34ಕ್ಕೆ ಇಳಿಸಿ, ನಮ್ಮ ತಾಲ್ಲೂಕಿಗೆ ಹೋಲುವ ನಡುವಿನ ಹಂತವನ್ನೇ ತೆಗೆದುಹಾಕಿದರು. ಯಾವ ದಾರಿ ಸರಿ ಎಂಬುದನ್ನು ನಕಾಶೆ ಹೇಳಲಾರದು, ಕಚೇರಿಯ ಬಾಗಿಲಲ್ಲಿ ನಿಂತವರೇ ಹೇಳಬೇಕು.

ನಾನು ಹೊಸ ತಾಲ್ಲೂಕುಗಳ ಪರ. ಭೀಮಾ ದಂಡೆಯ ಬಡ ರೈತ ಒಂದು ಸಹಿಗಾಗಿ ದಿನದ ಕೂಲಿ ಬಿಟ್ಟು ಅಲೆಯುವುದು ತಪ್ಪಬೇಕು. ಆದರೆ ತಹಶೀಲ್ದಾರರ ಫಲಕವೊಂದು ತೂಗಿದ ಮಾತ್ರಕ್ಕೆ ತಾಲ್ಲೂಕು ಆಗುವುದಿಲ್ಲ. ಹಳೆಯ ದಾಖಲೆಗಳ ಕೋಣೆ, ಭೂಮಾಪಕರು, ನೋಂದಣಿ ಕಚೇರಿ, ಖಜಾನೆ ಎಲ್ಲವೂ ಅಲ್ಲಿಗೇ ಬರಬೇಕು. ಗಂಡ ತೀರಿಹೋದ ಹೆಣ್ಣುಮಗಳೊಬ್ಬಳು ತನ್ನ ಹೆಸರಿಗೆ ಹೊಲದ ಉತಾರ ಮಾಡಿಸಿಕೊಳ್ಳಲು ಹಳೆಯ ತಾಲ್ಲೂಕಿಗೂ ಹೊಸ ತಾಲ್ಲೂಕಿಗೂ ತಿರುಗುವ ಸ್ಥಿತಿ ಇದ್ದರೆ, ವಿಂಗಡಣೆಯಿಂದ ಅವಳಿಗೆ ಸಿಕ್ಕಿದ್ದು ಇನ್ನೊಂದು ಬಸ್ ಟಿಕೆಟ್ ಅಷ್ಟೇ. ಅವಳ ಕೆಲಸ ಒಂದೇ ಕಡೆ ಮುಗಿಯುವಂತೆ ಮಾಡುವುದು ಜಿಲ್ಲಾಡಳಿತದ ಮೊದಲ ಕರ್ತವ್ಯ.