ಬಾಯಿಬಿಟ್ಟರೆ ಬೈಗುಳ: ಇದೂ ಒಂದು ಅತಿಚಾರ

ಮಹದೇವಪುರದ ಹೊರವರ್ತುಲ ರಸ್ತೆಯಲ್ಲಿ ವಾಹನ ನಿಂತರೆ ಸಾಕು, ಕೆಲವರ ಬಾಯಲ್ಲಿ ಹೊಲಸು ಮಾತು ಬರುತ್ತದೆ. ಕೇಳಿದರೆ "ಸುಮ್ಮನೆ ಅಂದೆ" ಎನ್ನುತ್ತಾರೆ. ಆ 'ಸುಮ್ಮನೆ'ಯೇ ದೋಷ. ಪ್ರಯೋಜನವಿಲ್ಲದ ಪಾಪಕ್ಕೆ ಅನರ್ಥದಂಡವೆಂದು ಹೆಸರು.

ತತ್ತ್ವಾರ್ಥಸೂತ್ರದ 7ನೇ ಅಧ್ಯಾಯವು ಅನರ್ಥದಂಡ ವ್ರತಕ್ಕೆ 5 ಅತಿಚಾರಗಳನ್ನು ಹೇಳುತ್ತದೆ. ಮೊದಲ 3 ಮಾತಿಗೆ ಸೇರಿದವು. ನಗೆಯೊಡನೆ ಆಡುವ ಅಶ್ಲೀಲ ಮಾತು ಕಂದರ್ಪ. ಅದಕ್ಕೆ ಅಂಗಚೇಷ್ಟೆ ಸೇರಿದರೆ ಕೌತ್ಕುಚ್ಯ. ಹುರುಳಿಲ್ಲದ ಅತಿಮಾತು ಮೌಖರ್ಯ.

ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಮಾತಾಡಿ ಇತರರಿಗೆ ಕಿರಿಕಿರಿ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 296ನೇ ಕಲಮಿನಡಿ 3 ತಿಂಗಳವರೆಗೆ ಸಜೆಯೂ ಆಗಬಹುದು.

ಅತಿಚಾರವೆಂದರೆ ವ್ರತಭಂಗವಲ್ಲ, ವ್ರತಕ್ಕೆ ತಗುಲಿದ ಕೊಳೆ. ಸಂಜೆಯ ಪ್ರತಿಕ್ರಮಣದಲ್ಲಿ ಅಂದು ಆಡಿದ ಮಾತನ್ನು ನೆನೆದು ತೊಳೆದುಕೊಳ್ಳಬಹುದು. ಹಿಂದಿನ ಸೀಟಿನಲ್ಲಿ ಕುಳಿತ ಮಗು ಕಲಿತದ್ದನ್ನು ಮಾತ್ರ ಅಷ್ಟು ಸುಲಭವಾಗಿ ಅಳಿಸಲಾಗದು.