ಬೋರ್ಡೋದ ಹಳೆಯ ಕೆಂಪು ವೈನ್ ಮತ್ತು ಬೆಳೆಗಾರನ ನಾಲಿಗೆ

ಬೋರ್ಡೋ ಎಂಬ ಹೆಸರು ಕೇಳದ ಅಡಿಕೆ ಬೆಳೆಗಾರರು ನಮ್ಮಲ್ಲಿಲ್ಲ. ಮೈಲುತುತ್ತ, ಸುಣ್ಣ ಕಲಸಿ ಗೊನೆಗಳಿಗೆ ಹೊಡೆಸುವ ದ್ರಾವಣಕ್ಕೆ ಆ ಹೆಸರು ಬಂದದ್ದು ಫ್ರಾನ್ಸ್ ದೇಶದ ನೈಋತ್ಯದಲ್ಲಿರುವ ಬೋರ್ಡೋ ಪಟ್ಟಣದಿಂದ. ಅಲ್ಲಿಗೆ ಸಮೀಪದ ಮೆಡಾಕ್ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಇಂಥ ಮಿಶ್ರಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗುಲದಿದ್ದುದನ್ನು ಗಮನಿಸಿದ ಪ್ರೊ. ಮಿಲಾರ್ಡೆಯವರು 1885ರಲ್ಲಿ ಅದನ್ನು ಲೋಕಕ್ಕೆ ತಿಳಿಸಿದರು. ಮೈಸೂರು ಸಂಸ್ಥಾನದಲ್ಲಿ ಕೊಳೆರೋಗಕ್ಕೆ ಅದನ್ನು ಬಳಕೆಗೆ ತಂದವರು ಡಾ. ಲೆಸ್ಲಿ ಕೋಲ್ಮನ್. ಆದರೆ ಲೋಕಕ್ಕೆ ಬೋರ್ಡೋ ಗೊತ್ತಿರುವುದು ಅಲ್ಲಿಯ ಕೆಂಪು ವೈನಿನಿಂದ.

ಪರದೇಶದಲ್ಲಿರುವ ಮಕ್ಕಳು ತಂದುಕೊಟ್ಟ ವೈನ್ ಬಾಟಲಿಯನ್ನು, ಹಳೆಯದಾದಷ್ಟೂ ಒಳ್ಳೆಯದೆಂದು ಅಟ್ಟದ ಮೇಲೆ ಇಟ್ಟಿರುವ ಸದಸ್ಯರು ಕೆಲವರಿದ್ದಾರೆ. ಅದು ಸರಿಯಲ್ಲ. ಬಹುಪಾಲು ವೈನುಗಳು ಕೆಲವೇ ವರ್ಷಗಳಲ್ಲಿ ಕುಡಿದು ಮುಗಿಸತಕ್ಕವು. ಹತ್ತಿಪ್ಪತ್ತು ವರ್ಷ ತಾಳಿ ಮಾಗುವಂಥವು ಕೆಲವೇ. ಅವಕ್ಕೂ ಕತ್ತಲೆ ಮತ್ತು 12-13 ಡಿಗ್ರಿಯ ತಂಪು ಬೇಕು. ಹೆಂಚಿನ ಕೆಳಗಿನ ಬೇಸಿಗೆಯ ಕಾವಿನಲ್ಲಿ ಎಂಥ ವೈನೂ ಕೆಡುತ್ತದೆ.

ಮಾಗುವುದೆಂದರೆ ಏನು? ಅಡಿಕೆ ಬೇಯಿಸಿದ ಚೊಗರನ್ನು ನಾಲಿಗೆಗೆ ಸೋಕಿಸಿಕೊಂಡವರಿಗೆ ಇದನ್ನು ಹೇಳುವುದು ಸುಲಭ. ಆ ಒಗರಿಗೆ ಕಾರಣ ಟ್ಯಾನಿನ್. ಮೆಡಾಕಿನ ಮುಖ್ಯ ತಳಿಯಾದ ಕ್ಯಾಬರ್ನೆ ಸೋವಿನ್ಯೋಂ ದ್ರಾಕ್ಷಿ ಸಣ್ಣದು, ಸಿಪ್ಪೆ ದಪ್ಪ. ಸಿಪ್ಪೆಯಿಂದಲೂ ಬೀಜದಿಂದಲೂ ಟ್ಯಾನಿನ್ ರಸಕ್ಕೆ ಇಳಿಯುತ್ತದೆ. ಓಕ್ ಮರದ ಪೀಪಾಯಿಯಿಂದ ಇನ್ನಷ್ಟು ಸೇರುತ್ತದೆ. ಹೊಸದರಲ್ಲಿ ಈ ವೈನ್ ಬಾಯಿ ಒಣಗಿಸುವಷ್ಟು ಒಗರು. ಬಾಟಲಿಯಲ್ಲಿ ವರ್ಷಗಳು ಕಳೆದಂತೆ ಟ್ಯಾನಿನ್ನೂ ಬಣ್ಣದ ಅಂಶಗಳೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ, ಒಂದು ಭಾಗ ಗಸಿಯಾಗಿ ತಳಕ್ಕಿಳಿಯುತ್ತದೆ. ಒಗರು ಮೆತ್ತಗಾಗುತ್ತದೆ.

ಗಸಿ ಕೆಟ್ಟದ್ದಲ್ಲ, ಆದರೆ ಲೋಟಕ್ಕೆ ಬಂದರೆ ಕಹಿ. ಆದ್ದರಿಂದ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿಡಬೇಕು. ಕುತ್ತಿಗೆಯ ಹಿಂದೆ ದೀಪವಿಟ್ಟು, ಒಂದೇ ಸಮನೆ ನಿಧಾನವಾಗಿ ಬೇರೆ ಪಾತ್ರೆಗೆ ಬಗ್ಗಿಸಿ, ಗಸಿಯ ಗೆರೆ ಕಾಣುತ್ತಲೇ ನಿಲ್ಲಿಸುವುದು. ತುಂಬ ಹಳೆಯ ವೈನನ್ನು ಹೀಗೆ ಬಗ್ಗಿಸಿ ಗಂಟೆಗಟ್ಟಲೆ ಇಟ್ಟರೆ ಪರಿಮಳ ಹಾರಿಹೋಗುತ್ತದೆ.

ಇನ್ನು ನೋಡುವ ಕ್ರಮ. ಲೋಟವನ್ನು ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು. ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದರೆ, ಹೊಸ ವೈನಿನ ಅಂಚು ನೇರಳೆ, ಮಾಗಿದ್ದರ ಅಂಚು ಇಟ್ಟಿಗೆಯ ಬಣ್ಣ. ಆಮೇಲೆ ಮೂಗು, ಕೆಲಸವೆಲ್ಲ ಮೂಗಿನದೇ ಎಂದರೂ ತಪ್ಪಿಲ್ಲ. ಹೊಸದರಲ್ಲಿ ಹಣ್ಣಿನ ವಾಸನೆ ಮುಂದಾಗಿರುತ್ತದೆ. ಮಾಗಿದ ಬೋರ್ಡೋದಲ್ಲಿ ದೇವದಾರು, ಹೊಗೆಸೊಪ್ಪು, ತೊಗಲು, ಮಳೆ ಬಿದ್ದ ಕಾಡಿನ ತರಗೆಲೆ ಇವನ್ನು ನೆನಪಿಗೆ ತರುವ ಗಂಧಗಳು. ಕಡೆಗೆ ಒಂದು ಗುಟುಕನ್ನು ಬಾಯೆಲ್ಲ ಆಡಿಸಿ, ಹುಳಿ, ಒಗರು, ಕಾವು ಇವುಗಳಲ್ಲಿ ಯಾವುದೂ ತಲೆಯೆತ್ತಿ ನಿಂತಿಲ್ಲವೇ ಎಂದು ನೋಡುವುದು. ರುಚಿ ಬಾಯಲ್ಲಿ ಎಷ್ಟು ಹೊತ್ತು ಉಳಿಯಿತೆಂಬುದೂ ಲೆಕ್ಕಕ್ಕೆ ಬರುತ್ತದೆ. ಪರೀಕ್ಷಕರು ಆಮೇಲೆ ಅದನ್ನು ಉಗಿಯುತ್ತಾರೆ. ಮದ್ಯ ಮುಟ್ಟದ ನಮ್ಮ ಸದಸ್ಯರಿಗೆ ಈ ಮಾತು ಸ್ವಲ್ಪ ಸಮಾಧಾನ ಕೊಟ್ಟೀತು.

ಅವರು ಮೊದಲು ಹುಡುಕುವುದು ಗುಣವನ್ನಲ್ಲ, ದೋಷವನ್ನು. ಕೆಲವು ಬಾಟಲಿಗಳಲ್ಲಿ ಬಿರಡೆಯಿಂದ ಒದ್ದೆ ಗೋಣಿಯಂಥ ಮುಗ್ಗಲು ವಾಸನೆ ಬರುತ್ತದೆ. ಇದಕ್ಕೆ ಟ್ರೈಕ್ಲೋರೋಅನಿಸೋಲ್ ಎಂಬ ಪದಾರ್ಥ ಕಾರಣವೆಂದು ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು 1981ರಲ್ಲಿ ಕಂಡುಕೊಂಡರು. ಲೀಟರಿಗೆ ಕೆಲವೇ ನ್ಯಾನೋಗ್ರಾಂ ಇದ್ದರೂ ಅದು ಮೂಗಿಗೆ ಸಿಕ್ಕುತ್ತದೆ. ನಾವು ಗಮನಿಸಬೇಕಾದ ವಿಷಯವೆಂದರೆ, ಬ್ರೆಜಿಲಿನ ಕಾಫಿಗೆ ಕೆಟ್ಟ ಹೆಸರು ತಂದ 'ರಿಯೋ' ವಾಸನೆಯ ಬೀಜಗಳಲ್ಲಿಯೂ ಇದೇ ಪದಾರ್ಥ ಸಿಕ್ಕಿತೆಂದು 1990ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸುತ್ತದೆ. ಅಂದರೆ ಬೋರ್ಡೋದ ಮೂಗೂ ಕಾಫಿ ಪರೀಕ್ಷಕನ ಮೂಗೂ ಹಿಡಿಯುವ ಕಳ್ಳ ಒಬ್ಬನೇ.

ಅಲ್ಲಿಯ ಬೆಳೆಗಾರ ತನ್ನ ಪೀಪಾಯಿಯ ರಸವನ್ನು ತಾನೇ ಮತ್ತೆ ಮತ್ತೆ ರುಚಿ ನೋಡುತ್ತಾನೆ. ನಮ್ಮಲ್ಲಿ ಪೂಲ್ ಪದ್ಧತಿ ಇದ್ದಾಗ ಎಲ್ಲರ ಕಾಫಿಯೂ ಒಂದೇ ರಾಶಿಗೆ ಹೋಗುತ್ತಿತ್ತು, ರುಚಿಯ ಚಿಂತೆ ನಮಗಿರಲಿಲ್ಲ. 1990ರ ದಶಕದಲ್ಲಿ ಅದು ಕೊನೆಗೊಂಡ ಮೇಲೆ ಮಾದರಿ ನೋಡಿದ ವ್ಯಾಪಾರಿ "ಕಪ್ಪಿನಲ್ಲಿ ವಾಸನೆ ಇದೆ" ಎಂದು ದರ ಇಳಿಸಿದರೆ, ಇದೆಯೋ ಇಲ್ಲವೋ ಎಂದು ಹೇಳಬಲ್ಲ ನಾಲಿಗೆ ನಮಗೆ ಬೇಡವೇ? ಚಿಕೋರಿ, ಹಾಲು, ಬೆಲ್ಲ ಹಾಕಿದ ಮನೆಯ ಕಾಫಿಯಿಂದ ಇದು ತಿಳಿಯುವುದಿಲ್ಲ.

ಈ ಕೊಯ್ಲಿನಲ್ಲಿ ಸಿಮೆಂಟು ಕಣದಲ್ಲಿ ಒಣಗಿದ್ದನ್ನೂ ಮಣ್ಣಿನ ಮೇಲೆ ಒಣಗಿದ್ದನ್ನೂ ಬೇರೆ ಬೇರೆ ಇಟ್ಟು, ಹದವಾಗಿ ಹುರಿದು, ತರಿಯಾಗಿ ಪುಡಿಮಾಡಿ, ಎರಡು ಲೋಟಗಳಲ್ಲಿ ಸುಮಾರು 8 ಗ್ರಾಂ ಪುಡಿಗೆ 150 ಮಿಲಿಲೀಟರ್ ಬಿಸಿನೀರು ಹಾಕಿ. ನಾಲ್ಕು ನಿಮಿಷದ ಮೇಲೆ ಮೇಲಿನ ಕೆನೆಯನ್ನು ಚಮಚದಿಂದ ಒಡೆದು, ಮೂಗನ್ನು ಹತ್ತಿರ ಹಿಡಿದು ನೋಡಿ.