ಶಿಶುವಿಹಾರದ ಜಮಾ-ಖರ್ಚು

ತೋಟದ ಹೆಣ್ಣಾಳುಗಳ ಮಕ್ಕಳಿಗೊಂದು ಶಿಶುವಿಹಾರ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಕಾಣುವುದು ಖರ್ಚಿನ ಬಾಬ್ತು ಮಾತ್ರ: ಆಯಾಳ ಸಂಬಳ, ಹಾಲು, ಕೋಣೆಯ ಬಾಡಿಗೆ. ಜಮೆಯ ಕಡೆ ಏನು ಬರೆಯಬೇಕೆಂಬುದು ಒಂದು ಹಳೆಯ ಪ್ರಯೋಗದಿಂದ ತಿಳಿಯುತ್ತದೆ.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯದಲ್ಲಿ 1972ರಲ್ಲಿ ‘ಅಬೆಸಿಡೇರಿಯನ್’ ಎಂಬ ಯೋಜನೆ ಆರಂಭವಾಯಿತು. ಬಡ ಕುಟುಂಬಗಳ 111 ಹಸುಗೂಸುಗಳನ್ನು ಚೀಟಿ ಎತ್ತಿದಂತೆ ಎರಡು ಪಂಗಡ ಮಾಡಿದರು. ಒಂದಕ್ಕೆ ಐದು ವರ್ಷದವರೆಗೆ ದಿನವಿಡೀ ಆರೈಕೆ, ಆಟಪಾಠ, ಇನ್ನೊಂದಕ್ಕೆ ಅದಿಲ್ಲ. ಗೊಬ್ಬರ ಹಾಕಿದ ಸಾಲಿನ ಪಕ್ಕ ಹಾಕದ ಸಾಲನ್ನು ಬಿಟ್ಟು ನೋಡುತ್ತೇವಲ್ಲ, ಅದೇ ಉಪಾಯ. ಮೂವತ್ತು ದಾಟಿದಾಗ, ಆರೈಕೆ ಪಡೆದವರಲ್ಲಿ ಕಾಲೇಜು ಮುಗಿಸಿದವರು ಹೆಚ್ಚಿದ್ದರು. ಗಂಡಸರ ರಕ್ತದೊತ್ತಡ ಕಡಿಮೆಯಿತ್ತು. ನಿಶ್ಚಿಂತೆಯಿಂದ ದುಡಿದ ತಾಯಂದಿರ ಗಳಿಕೆಯನ್ನೂ ಜಮೆಗೆ ಹಿಡಿದರು. ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್ ಮತ್ತು ಸಂಗಡಿಗರು 2016ರಲ್ಲಿ, ಇದರ ಜೊತೆಯ ಇನ್ನೊಂದು ಯೋಜನೆಯನ್ನೂ ಸೇರಿಸಿ, ಹಾಕಿದ ಹಣಕ್ಕೆ ವರ್ಷಕ್ಕೆ ಸುಮಾರು ಶೇಕಡಾ 13ರ ಪ್ರತಿಫಲವೆಂದು ಅಂದಾಜಿಸಿದರು.

ಈ ಅಂಕಿಯನ್ನು ನಮ್ಮ ಪುಸ್ತಕಕ್ಕೆ ಹಾಗೆಯೇ ಇಳಿಸುವಂತಿಲ್ಲ. ಆ ಆರೈಕೆ ಬಲು ದುಬಾರಿ. ಮಕ್ಕಳೂ ಕೆಲವೇ ಮಂದಿ. ಇನ್ನೊಂದು ತೊಡಕು, ಫಲದ ಬಹುಪಾಲು ಸೇರುವುದು ಮಗುವಿಗೆ, ತಾಯಿಗೆ, ಸಮಾಜಕ್ಕೆ. ಹಣ ಹಾಕಿದ ತೋಟದವನಿಗೆ ಸಿಗುವುದು ಕುಯಿಲಿನಲ್ಲಿ ತಪ್ಪದೆ ಬರುವ ಆಳು. 1951ರ ತೋಟ ಕಾರ್ಮಿಕರ ಕಾಯ್ದೆ 50 ಅಥವಾ ಹೆಚ್ಚು ಹೆಣ್ಣಾಳುಗಳಿದ್ದ ತೋಟಗಳಿಗೆ ಶಿಶುವಿಹಾರ ಕಡ್ಡಾಯ ಮಾಡಿತ್ತು. ಐದೆಕರೆಯವರಿಗೆ ಆ ಮಾತೇ ಇರಲಿಲ್ಲ. ನಾವು ಮಾಡುವುದಾದರೆ ಅಕ್ಕಪಕ್ಕದ ಹತ್ತಾರು ತೋಟದವರು ಕೂಡಿ ಖರ್ಚು ಹಂಚಿಕೊಳ್ಳಬೇಕು. ಅದಕ್ಕೆ ಮೊದಲು, ಕಳೆದ ಕುಯಿಲಿನಲ್ಲಿ ಮಗುವಿನ ಸಲುವಾಗಿ ಎಷ್ಟು ದಿನದ ಕೆಲಸ ತಪ್ಪಿತೆಂದು ಹೆಣ್ಣಾಳುಗಳನ್ನೇ ಕೇಳಿ, ಹಾಜರಿ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.